‘ಇಫ್’ ಪಕ್ಕದಲ್ಲಿ ‘ವುಡ್ ಹ್ಯಾವ್’ ಬರಬಹುದೇ? ನಡೆಯದೇ ಹೋದದ್ದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ

ಓದುಗರ ಪ್ರಶ್ನೆ: ನಾನು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಊರು ಹಾವೇರಿ ಕಡೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಹೊರದೇಶದ ಕೆಲಸಕ್ಕಾಗಿ ಓಇಟಿ ಎಂಬ, ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ. ಈಚೆಗೆ ನಮ್ಮ ವಾರ್ಡಿನಲ್ಲಿ ರಾತ್ರಿ ಒಬ್ಬ ಪೇಷಂಟ್‌ಗೆ ಉಸಿರಾಟದ ತೊಂದರೆ ಜಾಸ್ತಿಯಾಯಿತು. ಆಮೇಲೆ ಸುಧಾರಿಸಿಕೊಂಡರು. ಆ ಘಟನೆಯ ವರದಿಯಲ್ಲಿ ನಾನು ಎರಡು ವಾಕ್ಯ ಬರೆದಿದ್ದೆ. ಒಂದು: ‘ಇಫ್ ದಿ ಡಾಕ್ಟರ್ ವುಡ್ ಹ್ಯಾವ್ ಕಮ್ ಅರ್ಲಿ, ದಿ ಪೇಷಂಟ್ ವುಡ್ ಹ್ಯಾವ್ ಶಿಫ್ಟೆಡ್ ಟು ಐಸಿಯು.’ ಇನ್ನೊಂದು: ‘ಇಫ್ ವಿ ಡಿಡ್ ನಾಟ್ ಗಿವ್ ಆಕ್ಸಿಜನ್, ದಿ ಪೇಷಂಟ್ ಮೇ ಹ್ಯಾವ್ ಡೈಡ್.’ ಇನ್‌ಚಾರ್ಜ್ ಸಿಸ್ಟರ್ ಎರಡಕ್ಕೂ ಕೆಂಪು ಗೆರೆ ಎಳೆದರು. ‘ಪೇಷಂಟ್ ಬೆಡ್ ಮೇಲೆ ಕೂತು ಊಟ ಮಾಡ್ತಿದ್ದಾರೆ, ಸತ್ತಿರಬಹುದು ಅಂತ ಯಾಕೆ ಬರೆದೆ?’ ಎಂದು ಎಲ್ಲರ ಮುಂದೆ ಕೇಳಿದರು. ಕೋಚಿಂಗ್ ಸರ್ ‘ಇಫ್ ಪಕ್ಕ ವುಡ್ ಬರಲೇಬಾರದು’ ಎನ್ನುತ್ತಾರೆ. ಆದರೆ ಅಮೆರಿಕದ ಸೀರಿಯಲ್‌ಗಳಲ್ಲಿ ‘ಇಫ್ ಐ ವುಡ್ ಹ್ಯಾವ್ ನೋನ್’ ಅಂತ ಕಿವಿಯಾರೆ ಕೇಳಿದ್ದೇನೆ. ‘ಇಫ್’ ವಾಕ್ಯಗಳ ಟೈಪ್ ಒಂದು, ಎರಡು, ಮೂರು ಬಾಯಿಪಾಠ ಇದೆ. ಮಾತಾಡುವಾಗ ಮಾತ್ರ ಎಲ್ಲ ಕಲಸಿಹೋಗುತ್ತದೆ. ಯಾಕೆ ಹೀಗೆ? ಪರೀಕ್ಷೆಯಲ್ಲಿ ಅಂಕ ಹೋಗುತ್ತಾ? ಈ ತರದ ವಾಕ್ಯವನ್ನೇ ಬಿಟ್ಟು ಬರೆಯಬಹುದಾ?

ಉತ್ತರ: ಮೊದಲು ಆ ಎರಡು ವಾಕ್ಯಗಳನ್ನು ಸರಿ ಮಾಡಿಬಿಡೋಣ. ಕಾರಣ ಆಮೇಲೆ ನೋಡೋಣ.

‘ಇಫ್ ದಿ ಡಾಕ್ಟರ್ ಹ್ಯಾಡ್ ಕಮ್ ಅರ್ಲಿಯರ್, ದಿ ಪೇಷಂಟ್ ವುಡ್ ಹ್ಯಾವ್ ಬೀನ್ ಶಿಫ್ಟೆಡ್ ಟು ದಿ ಐಸಿಯು ಸೂನರ್.’

‘ಇಫ್ ವಿ ಹ್ಯಾಡ್ ನಾಟ್ ಗಿವನ್ ಆಕ್ಸಿಜನ್, ದಿ ಪೇಷಂಟ್ ಮೈಟ್ ಹ್ಯಾವ್ ಡೈಡ್.’

ಈಗ ವ್ಯಾಕರಣ ಸರಿಯಾಯಿತು. ಆದರೆ ಮೊದಲನೆಯ ವಾಕ್ಯ ವರದಿಯಲ್ಲಿ ಇರಬೇಕಿತ್ತೇ ಎನ್ನುವುದು ಬೇರೆಯದೇ ಪ್ರಶ್ನೆ. ನಿಮಗೆ ಅದು ಹೆಚ್ಚು ಮುಖ್ಯ. ಅದಕ್ಕೂ ಬರುತ್ತೇನೆ.

ಇನ್ನೊಂದು ಮಾತು. ನಿಮ್ಮ ತಪ್ಪು ಇಂಗ್ಲಿಷ್ ಓದದೆ ಆದ ತಪ್ಪಲ್ಲ. ಕೆಲಸ ಮಾಡುವ ದೊಡ್ಡವರಿಗೆ ಇಂಗ್ಲಿಷ್ ಕಲಿಸುವುದು ನನ್ನ ವೃತ್ತಿ. ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು, ಬ್ಯಾಂಕಿನವರು, ಎಂಜಿನಿಯರ್‌ಗಳು ನನ್ನ ಹತ್ತಿರ ಬರುತ್ತಾರೆ. ಕನ್ನಡ ಮನೆಮಾತಿನವರು ಈ ಜಾಗದಲ್ಲಿ ಎಡವುವ ರೀತಿ ಹೆಚ್ಚು ಕಡಿಮೆ ಒಂದೇ. ಕನ್ನಡದ ನಿಯಮವನ್ನು ಅವರು ಸರಿಯಾಗಿಯೇ ಪಾಲಿಸುತ್ತಿರುತ್ತಾರೆ. ಇಂಗ್ಲಿಷಿನ ನಿಯಮ ಬೇರೆ, ಅಷ್ಟೆ.

ಕನ್ನಡದಲ್ಲಿ ನಾವು ಏನು ಮಾಡುತ್ತೇವೆ ಎಂದು ನೋಡಿ. ‘ನೀವು ಹೇಳಿದ್ರೆ ಬರ್ತೀನಿ.’ ‘ನೀವು ಹೇಳಿದ್ರೆ ಬರ್ತಿದ್ದೆ.’ ಎರಡರಲ್ಲೂ ಮೊದಲ ಅರ್ಧ ಕಿವಿಗೆ ಒಂದೇ ತರ ಕೇಳುತ್ತದೆ. ಬರೆಯುವಾಗ ಎರಡನೆಯದು ‘ಹೇಳಿದ್ದರೆ’ ಆಗುತ್ತದೆ, ಒಂದು ದಕಾರಕ್ಕೆ ಒತ್ತು ಬೀಳುತ್ತದೆ. ಬಾಯಿಮಾತಿನಲ್ಲಿ ಆ ಒತ್ತು ಕರಗಿಹೋಗುತ್ತದೆ. ಹಾಗಿದ್ದರೂ ಯಾರಿಗೂ ಗೊಂದಲ ಆಗುವುದಿಲ್ಲ. ಯಾಕೆಂದರೆ ‘ಹೇಳಲೇ ಇಲ್ಲ, ಬರಲೂ ಇಲ್ಲ’ ಎನ್ನುವುದನ್ನು ಕೊನೆಯ ಕ್ರಿಯಾಪದ ಒಂದೇ ಹೇಳಿಬಿಡುತ್ತದೆ. ಇಲ್ಲ ಎನ್ನುವ ಮಾತಿನಲ್ಲಂತೂ ಬರವಣಿಗೆಯಲ್ಲೂ ವ್ಯತ್ಯಾಸ ಕಾಣದೇ ಇರಬಹುದು. ‘ಮಳೆ ಬರದಿದ್ದರೆ ಬೆಳೆ ಒಣಗುತ್ತದೆ.’ ‘ಮಳೆ ಬರದಿದ್ದರೆ ಬೆಳೆ ಒಣಗುತ್ತಿತ್ತು.’ ಮೊದಲ ಅರ್ಧ ಅಕ್ಷರಕ್ಕೆ ಅಕ್ಷರ ಒಂದೇ. ಮೊದಲನೆಯದರಲ್ಲಿ ಮಳೆ ಇನ್ನೂ ಬರಬೇಕು. ಎರಡನೆಯದರಲ್ಲಿ ಮಳೆ ಬಂತು, ಬೆಳೆ ಉಳಿಯಿತು. ಅಂದರೆ ಕನ್ನಡದವರ ಕಿವಿ ವಾಕ್ಯದ ಕೊನೆಯವರೆಗೆ ಕಾಯುತ್ತದೆ. ‘ಇದ್ದಿದ್ದರೆ’ ಎಂದು ಮೊದಲೇ ಒತ್ತಿ ಹೇಳುವ ದಾರಿ ನಮಗೂ ಇದೆ. ಆದರೆ ಅದು ಕಡ್ಡಾಯ ಅಲ್ಲ.

ಇಂಗ್ಲಿಷಿನಲ್ಲಿ ಕಡ್ಡಾಯ. ನಡೆಯಲಿಲ್ಲ ಎನ್ನುವ ಗುರುತು ಎರಡೂ ಅರ್ಧದಲ್ಲಿ ಬೀಳಬೇಕು. ಅದೂ ಎರಡು ಬೇರೆ ಬೇರೆ ಗುರುತು. ನಾವು ಮಾತಾಡುತ್ತಾ ಹೋಗುವಾಗ ಮೊದಲ ಅರ್ಧವನ್ನು ಗುರುತಿಲ್ಲದೆ ಬಿಟ್ಟುಬಿಡುತ್ತೇವೆ. ನಿಮ್ಮ ‘ಇಫ್ ವಿ ಡಿಡ್ ನಾಟ್ ಗಿವ್’ ಹುಟ್ಟಿದ್ದು ಹೀಗೆ.

ಇದರ ಮೇಲೆ ‘ಬರ್ತಿದ್ದೆ’ ಎನ್ನುವ ರೂಪ ಕನ್ನಡದಲ್ಲಿ ಮೂರು ಕೆಲಸ ಮಾಡುತ್ತದೆ. ‘ಚಿಕ್ಕವಳಿದ್ದಾಗ ರಜೆಗೆ ಅಜ್ಜಿ ಮನೆಗೆ ಬರ್ತಿದ್ದೆ’, ಇದು ರೂಢಿ. ‘ಡ್ಯೂಟಿಗೆ ಬರ್ತಿದ್ದೆ, ದಾರೀಲಿ ಮಳೆ ಹಿಡೀತು’, ಇದು ಆಗ ನಡೆಯುತ್ತಿದ್ದ ಕೆಲಸ. ‘ಹೇಳಿದ್ರೆ ಬರ್ತಿದ್ದೆ’, ಇದು ನಡೆಯದೇ ಹೋದದ್ದು. ಇಂಗ್ಲಿಷ್ ಮೂರಕ್ಕೂ ಬೇರೆ ಬೇರೆ ರೂಪ ಕೇಳುತ್ತದೆ: ‘ಯೂಸ್ಡ್ ಟು ಕಮ್’, ‘ವಾಸ್ ಕಮಿಂಗ್’, ‘ವುಡ್ ಹ್ಯಾವ್ ಕಮ್’. ಹಾಗಾಗಿ ‘ಇಫ್ ಯೂ ಟೋಲ್ಡ್ ಮಿ, ಐ ವಾಸ್ ಕಮಿಂಗ್’ ಎನ್ನುವ ವಾಕ್ಯ ನಮ್ಮವರ ಬಾಯಲ್ಲಿ ಸುಲಭವಾಗಿ ಬಂದುಬಿಡುತ್ತದೆ. ಕನ್ನಡ ಬಲ್ಲವರಿಗೆ ಅದು ಅರ್ಥವಾಗುತ್ತದೆ. ಬೇರೆಯವರಿಗೆ ಆಗುವುದಿಲ್ಲ.

‘ಹ್ಯಾಡ್’ ವಿಷಯದಲ್ಲೂ ಒಂದು ಸಮಸ್ಯೆ ಇದೆ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎನ್ನುವುದು ಕನ್ನಡದಲ್ಲಿ ಸಾದಾ ಮಾತು. ಅದನ್ನೇ ‘ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್ಡೇ’ ಮಾಡುತ್ತೇವೆ. ಇಂಗ್ಲಿಷಿಗೆ ಅಲ್ಲಿ ‘ಐ ವೆಂಟ್’ ಸಾಕು. ಹೀಗೆ ಬೇಡದ ಕಡೆ ‘ಹ್ಯಾಡ್’ ಹಾಕಿ ಹಾಕಿ ಅದರ ತೂಕವೇ ನಮಗೆ ಮರೆತುಹೋಗಿದೆ. ಬೇಕಾದ ಕಡೆ, ಅಂದರೆ ‘ಇಫ್’ ಆದ ಮೇಲೆ, ಅದನ್ನು ಬಿಟ್ಟುಬಿಡುತ್ತೇವೆ.

ಸರಿ, ಇಂಗ್ಲಿಷ್ ಒಳಗಡೆ ಏನು ಮಾಡುತ್ತದೆ? ಟೈಪ್ ಒಂದು, ಎರಡು, ಮೂರು ಎನ್ನುವ ಪಟ್ಟಿಯನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಆ ಪಟ್ಟಿ ಪಾಠ ಮಾಡುವವರ ಅನುಕೂಲಕ್ಕೆ ಮಾಡಿದ್ದು. ಮಾತಾಡುವವರು ಯಾರೂ ನಂಬರ್ ನೆನಪಿಸಿಕೊಂಡು ಮಾತಾಡುವುದಿಲ್ಲ. ಹಿಂದಿರುವ ಯುಕ್ತಿ ಒಂದೇ: ನಿಜದಿಂದ ದೂರ ಹೋದಾಗ ಕ್ರಿಯಾಪದವನ್ನು ಕಾಲದಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಇಡಬೇಕು.

‘ಇಫ್ ಐ ಹ್ಯಾವ್ ಟೈಮ್, ಐ ವಿಲ್ ಕಮ್.’ ಸಮಯ ಸಿಗಬಹುದು, ಸಿಗದಿರಬಹುದು. ‘ಇಫ್ ಐ ಹ್ಯಾಡ್ ಟೈಮ್, ಐ ವುಡ್ ಕಮ್.’ ಇಲ್ಲಿ ‘ಹ್ಯಾಡ್’ ನೋಡಿ ನಿನ್ನೆಯ ಮಾತು ಅಂದುಕೊಳ್ಳಬೇಡಿ. ಇದು ಈಗಿನದೇ ಮಾತು. ಈಗ ಸಮಯ ಇಲ್ಲ, ಅದಕ್ಕೇ ಒಂದು ಹೆಜ್ಜೆ ಹಿಂದೆ. ಇನ್ನು ನಿನ್ನೆಯೇ ಸಮಯ ಇರಲಿಲ್ಲ ಎನ್ನಬೇಕಾದರೆ? ನಿನ್ನೆಗೆ ಮಾಮೂಲಿ ರೂಪವೇ ‘ಹ್ಯಾಡ್’. ಅದರಿಂದ ಇನ್ನೂ ಒಂದು ಹೆಜ್ಜೆ ಹಿಂದೆ ಹೋದರೆ ‘ಹ್ಯಾಡ್ ಹ್ಯಾಡ್’. ‘ಇಫ್ ಐ ಹ್ಯಾಡ್ ಹ್ಯಾಡ್ ಟೈಮ್, ಐ ವುಡ್ ಹ್ಯಾವ್ ಕಮ್.’ ಎರಡು ಸಲ ‘ಹ್ಯಾಡ್’ ಬಂದದ್ದು ಟೈಪಿಂಗ್ ತಪ್ಪು ಎಂದು ಒಂದನ್ನು ಅಳಿಸುವವರನ್ನು ನೋಡಿದ್ದೇನೆ. ಅಳಿಸಬೇಡಿ. ಅಳಿಸಿದರೆ ಅರ್ಥ ಬದಲಾಗುತ್ತದೆ.

ಎರಡನೆಯ ಅರ್ಧದಲ್ಲಿ ‘ವಿಲ್’ ಹಿಂದಕ್ಕೆ ಹೋಗಿ ‘ವುಡ್’ ಆಗುತ್ತದೆ. ‘ವುಡ್’ ಅನ್ನು ಇನ್ನೂ ಹಿಂದಕ್ಕೆ ಎಳೆಯಲು ಬೇರೆ ರೂಪವೇ ಇಲ್ಲ. ಅದಕ್ಕೆ ಪಕ್ಕದಲ್ಲಿ ‘ಹ್ಯಾವ್’ ಸೇರಿಸಿ ಕಾಲವನ್ನು ಹಿಂದಕ್ಕೆ ಕಳಿಸುತ್ತಾರೆ. ಹೀಗಾಗಿ ಮೊದಲ ಅರ್ಧಕ್ಕೆ ‘ಹ್ಯಾಡ್’, ಎರಡನೆಯ ಅರ್ಧಕ್ಕೆ ‘ವುಡ್ ಹ್ಯಾವ್’. ಫಲವನ್ನು ಹೇಳುವ ಕಡೆ ‘ವುಡ್’, ಷರತ್ತು ಹೇಳುವ ಕಡೆ ‘ಹ್ಯಾಡ್’. ವಾಕ್ಯವನ್ನು ತಿರುಗಿಸಿ ಹಾಕಿದರೂ ಇದು ಬದಲಾಗುವುದಿಲ್ಲ: ‘ಐ ವುಡ್ ಹ್ಯಾವ್ ಕಮ್ ಇಫ್ ಯೂ ಹ್ಯಾಡ್ ಟೋಲ್ಡ್ ಮಿ.’

ನಿಮ್ಮ ಮೊದಲ ವಾಕ್ಯದಲ್ಲಿ ಎರಡೂ ಕಡೆ ‘ವುಡ್ ಹ್ಯಾವ್’ ಬಂದದ್ದು ಅತಿ ಎಚ್ಚರಿಕೆಯಿಂದ. ‘ನಡೆಯದ ಸಂಗತಿಗೆ ವುಡ್ ಹ್ಯಾವ್’ ಎಂದು ತಲೆಯಲ್ಲಿ ಕೂತಿದೆ. ಎರಡೂ ನಡೆಯದ ಸಂಗತಿಯೇ ಆದ್ದರಿಂದ ಎರಡು ಕಡೆಯೂ ಹಾಕಿದಿರಿ. ತರ್ಕ ಸರಿಯಾಗಿಯೇ ಇದೆ. ಇಂಗ್ಲಿಷ್ ಮಾತ್ರ ಕೆಲಸವನ್ನು ಬೇರೆ ತರ ಹಂಚಿಕೊಂಡಿದೆ.

ಅಮೆರಿಕದ ಸೀರಿಯಲ್‌ನಲ್ಲಿ ಕೇಳಿದ್ದೂ ನಿಜ. ಅಲ್ಲಿ ಹುಟ್ಟಿ ಬೆಳೆದವರೂ ಮಾತಿನಲ್ಲಿ ‘ಇಫ್ ಐ ವುಡ್ ಹ್ಯಾವ್ ನೋನ್’ ಎನ್ನುತ್ತಾರೆ. ಮಾತಿನಲ್ಲಿ ‘ಐ ಹ್ಯಾಡ್’ ಕೂಡ ‘ಐಡ್’ ಆಗುತ್ತದೆ, ‘ಐ ವುಡ್’ ಕೂಡ ‘ಐಡ್’ ಆಗುತ್ತದೆ. ‘ಇಫ್ ಐಡ್ ನೋನ್, ಐಡ್ ಹ್ಯಾವ್ ಕಮ್’ ಎಂದು ಕೇಳಿದ ಕಿವಿ ಎರಡನ್ನೂ ‘ವುಡ್’ ಎಂದುಕೊಳ್ಳುವುದು ಸುಲಭ. ಹೀಗೆ ಕಲಸಿಹೋದಾಗ ಬಿಡಿಸಿಕೊಳ್ಳಲು ಒಂದು ದಾರಿ ಇದೆ. ‘ಡ್’ ಆದ ಕೂಡಲೇ ಮೂರನೆಯ ರೂಪ ಬಂದರೆ, ಅಂದರೆ ‘ನೋನ್’, ‘ಗಿವನ್’, ‘ಟೇಕನ್’ ತರದ್ದು ಬಂದರೆ, ಅದು ‘ಹ್ಯಾಡ್’. ‘ಹ್ಯಾವ್’ ಅಥವಾ ಮೊದಲ ರೂಪ ಬಂದರೆ ಅದು ‘ವುಡ್’. ಮಾತಿನಲ್ಲಿ ಎಷ್ಟೇ ಸಾಮಾನ್ಯವಾಗಿದ್ದರೂ ಬರವಣಿಗೆಗೆ ಬಂದಾಗ ‘ಇಫ್’ ಆದ ಮೇಲೆ ‘ವುಡ್ ಹ್ಯಾವ್’ ಹಾಕುವುದನ್ನು ಅಮೆರಿಕದ ಸಂಪಾದಕರೂ ತಪ್ಪು ಎಂದೇ ತಿದ್ದುತ್ತಾರೆ. ಸಹೋದ್ಯೋಗಿ ಹಾಗೆ ಮಾತಾಡಿದರೆ ನೀವು ತಿದ್ದಲು ಹೋಗಬೇಡಿ. ನೀವು ಬರೆಯುವಾಗ ಮಾತ್ರ ಹಾಕಬೇಡಿ.

ಇನ್ನು ನಿಮ್ಮ ಸರ್ ಹೇಳುವ ‘ಇಫ್ ಪಕ್ಕ ವುಡ್ ಬರಲೇಬಾರದು’ ಎನ್ನುವುದು ಮುಕ್ಕಾಲು ನಿಜ. ಮನವಿ ಮಾಡಿಕೊಳ್ಳುವಾಗ ಬರುತ್ತದೆ. ‘ಇಫ್ ಯೂ ವುಡ್ ವೇಟ್ ಎ ಮೊಮೆಂಟ್, ಐ ವಿಲ್ ಕಾಲ್ ದಿ ಡಾಕ್ಟರ್.’ ಪೇಷಂಟ್ ಕಡೆಯವರ ಹತ್ತಿರ ಹೀಗೆ ಹೇಳಿದರೆ ತುಂಬಾ ಮರ್ಯಾದೆಯ ಮಾತು. ಇಲ್ಲಿ ‘ವುಡ್’ ಎಂದರೆ ‘ದಯವಿಟ್ಟು ಒಪ್ಪಿಕೊಂಡರೆ’ ಎಂಬ ಅರ್ಥ. ನಡೆಯದೇ ಹೋದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕೋಚಿಂಗ್ ಪುಸ್ತಕಗಳು ಬಿಟ್ಟುಬಿಡುವ ಒಂದು ವಿಷಯ ಈಗ. ನರ್ಸ್ ಕೆಲಸಕ್ಕೆ ಇದು ಉಳಿದೆಲ್ಲದಕ್ಕಿಂತ ಮುಖ್ಯ ಎಂದು ನನ್ನ ಅಭಿಪ್ರಾಯ. ಹಿಂದೆ ನಡೆದದ್ದು ಎಂದ ಮಾತ್ರಕ್ಕೆ ‘ಇಫ್’ ಆದ ಮೇಲೆ ‘ಹ್ಯಾಡ್’ ಬರುವುದಿಲ್ಲ. ನಡೆದಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲದಿದ್ದರೆ ಸಾದಾ ಭೂತಕಾಲವೇ ಸರಿ.

ಡ್ಯೂಟಿ ಬದಲಾಗುವಾಗ ಹ್ಯಾಂಡ್‌ಓವರ್ ಕೊಡುತ್ತಿದ್ದೀರಿ ಎಂದುಕೊಳ್ಳಿ. ಪೇಷಂಟ್ ಮಧ್ಯಾಹ್ನದ ಮಾತ್ರೆ ತಗೊಂಡಿದ್ದಾರೋ ಇಲ್ಲವೋ ನಿಮಗೆ ಖಚಿತ ಇಲ್ಲ. ‘ಇಫ್ ಹೀ ಟುಕ್ ದಿ ಟ್ಯಾಬ್ಲೆಟ್ ಅಟ್ ನೂನ್, ದಿ ಫೀವರ್ ಶುಡ್ ಬಿ ಡೌನ್ ಬೈ ನೌ.’ ಇದರ ಅರ್ಥ: ತಗೊಂಡಿದ್ದರೆ ಜ್ವರ ಇಳಿದಿರಬೇಕು, ನೋಡಿ. ಅದನ್ನೇ ‘ಇಫ್ ಹೀ ಹ್ಯಾಡ್ ಟೇಕನ್ ದಿ ಟ್ಯಾಬ್ಲೆಟ್ ಅಟ್ ನೂನ್, ದಿ ಫೀವರ್ ವುಡ್ ಹ್ಯಾವ್ ಕಮ್ ಡೌನ್’ ಎಂದರೆ ಕೇಳಿದವರು ‘ಓಹೋ, ತಗೊಂಡಿಲ್ಲ’ ಎಂದುಕೊಳ್ಳುತ್ತಾರೆ. ಇನ್ನೊಂದು ಡೋಸ್ ಕೊಟ್ಟರೂ ಕೊಟ್ಟರು. ಕನ್ನಡದಲ್ಲಿ ಎರಡಕ್ಕೂ ‘ತಗೊಂಡಿದ್ದರೆ’ ಎಂದೇ ಶುರು ಮಾಡುತ್ತೇವೆ. ‘ಇಳಿದಿರಬೇಕು’ ಅಥವಾ ‘ಇಳಿದಿರುತ್ತಿತ್ತು’ ಎಂದು ಕೊನೆಗೆ ಬೇರೆ ಮಾಡುತ್ತೇವೆ. ಅದಕ್ಕೇ ಈ ಜಾಗ ನಮಗೆ ಅಪಾಯದ್ದು.

ನೀವು ವಾಕ್ಯ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದದ್ದು ‘ಇದು ಯಾವ ಟೈಪ್?’ ಎಂದಲ್ಲ. ‘ಇದು ನಡೆಯಿತಾ, ನಡೆಯಲಿಲ್ಲವಾ, ಅಥವಾ ನನಗೆ ಗೊತ್ತಿಲ್ಲವಾ?’ ಎಂದು ಕೇಳಿಕೊಳ್ಳಿ. ನಡೆಯಲಿಲ್ಲ ಎಂದು ಗೊತ್ತಿದ್ದರೆ ಮಾತ್ರ ‘ಹ್ಯಾಡ್’. ಗೊತ್ತಿಲ್ಲ ಎಂದರೆ ಸಾದಾ ಭೂತಕಾಲ.

ಇನ್‌ಚಾರ್ಜ್ ಸಿಸ್ಟರ್ ನಿಮ್ಮನ್ನು ಕೇಳಿದ್ದೂ ಇದೇ ಪ್ರಶ್ನೆ. ‘ಮೇ ಹ್ಯಾವ್ ಡೈಡ್’ ಎಂದರೆ ‘ಸತ್ತಿರಬಹುದು, ನಮಗೆ ಇನ್ನೂ ಗೊತ್ತಿಲ್ಲ’. ಪ್ರವಾಹದಲ್ಲಿ ಕಾಣೆಯಾದವರ ಬಗ್ಗೆ ಹೀಗೆ ಹೇಳುತ್ತಾರೆ. ‘ಮೈಟ್ ಹ್ಯಾವ್ ಡೈಡ್’ ಎನ್ನುವುದಕ್ಕೆ ಆ ಅರ್ಥವೂ ಉಂಟು, ‘ಸಾಯುವ ಸಾಧ್ಯತೆ ಇತ್ತು, ಸಾಯಲಿಲ್ಲ’ ಎನ್ನುವ ಅರ್ಥವೂ ಉಂಟು. ತಪ್ಪಿಹೋದ ಅಪಾಯದ ಬಗ್ಗೆ ಬರೆಯುವಾಗ ‘ಮೈಟ್’ ಅಥವಾ ‘ಕುಡ್’ ಬಳಸಿ. ‘ಮೇ’ ಬೇಡ. ಇಂಗ್ಲಿಷ್ ಮಾತಾಡುವ ದೇಶಗಳ ಪತ್ರಿಕೆಗಳಲ್ಲೂ ಈ ‘ಮೇ’ ನುಸುಳುತ್ತದೆ, ಆದ್ದರಿಂದ ಎಲ್ಲೋ ಓದಿದ್ದೇನೆ ಎನಿಸಿದರೆ ಆಶ್ಚರ್ಯ ಇಲ್ಲ. ಆದರೆ ಆಸ್ಪತ್ರೆಯ ಕಾಗದದಲ್ಲಿ ಬದುಕಿರುವವರ ಬಗ್ಗೆ ಅಂಥ ಅನುಮಾನ ಹುಟ್ಟಬಾರದು. ಸಿಸ್ಟರ್ ಎಲ್ಲರ ಮುಂದೆ ಕೇಳಿದ್ದು ನೋವಾಗಿರುತ್ತದೆ. ಹೇಳಿದ ವಿಷಯ ಮಾತ್ರ ಸರಿ.

ಇನ್ನೊಂದು ಸಣ್ಣ ತಿದ್ದುಪಡಿ ನಿಮ್ಮ ಗಮನಕ್ಕೆ ಬಂತೋ ಇಲ್ಲವೋ. ‘ವುಡ್ ಹ್ಯಾವ್ ಶಿಫ್ಟೆಡ್’ ಅಲ್ಲ, ‘ವುಡ್ ಹ್ಯಾವ್ ಬೀನ್ ಶಿಫ್ಟೆಡ್’. ಪೇಷಂಟ್ ತಾನೇ ಎದ್ದು ಐಸಿಯುಗೆ ಹೋಗುವುದಿಲ್ಲ, ಬೇರೆಯವರು ಸಾಗಿಸುತ್ತಾರೆ. ‘ಬೀನ್’ ಬಿಟ್ಟುಹೋಗುವುದು ವಾಕ್ಯ ಉದ್ದವಾದಷ್ಟೂ ಜಾಸ್ತಿ. ಮಾಡಿದವರು ಯಾರು, ಮಾಡಿಸಿಕೊಂಡವರು ಯಾರು ಎಂದು ಒಮ್ಮೆ ನೋಡಿಕೊಂಡರೆ ಸಿಕ್ಕಿಬಿಡುತ್ತದೆ.

ಎರಡು ಅರ್ಧಗಳೂ ಒಂದೇ ಕಾಲದ್ದು ಆಗಿರಬೇಕು ಎಂಬ ನಂಬಿಕೆಯೂ ಬಹಳ ಜನರಲ್ಲಿದೆ. ಹಾಗೇನಿಲ್ಲ. ‘ಅವರಿಗೆ ಶುಗರ್ ಇಲ್ಲದಿದ್ದರೆ ಗಾಯ ಇಷ್ಟೊತ್ತಿಗೆ ಮಾಯುತ್ತಿತ್ತು.’ ಶುಗರ್ ಇವತ್ತೂ ಇದೆ, ಆದ್ದರಿಂದ ಮೊದಲ ಅರ್ಧ ಒಂದೇ ಹೆಜ್ಜೆ ಹಿಂದೆ: ‘ಇಫ್ ಹೀ ವರ್ ನಾಟ್ ಡಯಾಬಿಟಿಕ್, ದಿ ವೂಂಡ್ ವುಡ್ ಹ್ಯಾವ್ ಹೀಲ್ಡ್ ಬೈ ನೌ.’ ತಿರುಗಿಸಿದರೆ: ‘ಇಫ್ ಹೀ ಹ್ಯಾಡ್ ಟೇಕನ್ ಇನ್ಸುಲಿನ್ ರೆಗ್ಯುಲರ್ಲಿ, ಹೀ ವುಡ್ ನಾಟ್ ಬಿ ಹಿಯರ್ ಟುಡೇ.’ ಆಗ ತಗೊಳ್ಳಲಿಲ್ಲ, ಇವತ್ತು ಇಲ್ಲಿದ್ದಾರೆ. ಪ್ರತಿ ಅರ್ಧವೂ ತನ್ನ ತನ್ನ ಕಾಲ ನೋಡಿಕೊಳ್ಳುತ್ತದೆ, ಅಷ್ಟೆ. ‘ಇಫ್ ಹೀ’, ‘ಇಫ್ ಐ’ ಆದ ಮೇಲೆ ‘ವಾಸ್’ ಬರಬೇಕೋ ‘ವರ್’ ಬರಬೇಕೋ ಎನ್ನುವ ಜಗಳ ಇಲ್ಲಿಗೆ ಮಾತ್ರ ಸೇರಿದ್ದು, ಅಂದರೆ ಈಗಿನ ಮಾತಿಗೆ. ಬರೆಯುವಾಗ ‘ವರ್’ ಇಟ್ಟುಕೊಳ್ಳಿ. ಮಾತಿನಲ್ಲಿ ‘ಇಫ್ ಐ ವಾಸ್’ ಎಂದರೂ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ನಿನ್ನೆಯ ಮಾತಾದರೆ ಎರಡೂ ಅಲ್ಲ. ‘ನಿನ್ನೆ ನಾನು ಅಲ್ಲಿದ್ದಿದ್ದರೆ’ ಎನ್ನಲು ‘ಇಫ್ ಐ ಹ್ಯಾಡ್ ಬೀನ್ ದೇರ್ ಯೆಸ್ಟರ್ಡೇ’ ಎಂದೇ ಹೇಳಬೇಕು.

ಈಗ ನಿಮ್ಮ ಕೊನೆಯ ಪ್ರಶ್ನೆ: ಇದನ್ನು ಬಿಟ್ಟೇ ಬರೆಯಬಹುದಾ? ವರದಿಯಲ್ಲಾದರೆ ಬಿಡಬಹುದು, ಬಿಡಬೇಕು ಎಂದೂ ಹೇಳುತ್ತೇನೆ.

‘ಡಾಕ್ಟರ್ ಬೇಗ ಬಂದಿದ್ದರೆ ಪೇಷಂಟನ್ನು ಬೇಗ ಸಾಗಿಸಬಹುದಿತ್ತು’ ಎನ್ನುವುದು ನಡೆದ ಸಂಗತಿ ಅಲ್ಲ. ಅದು ನಿಮ್ಮ ತೀರ್ಮಾನ. ಜೊತೆಗೆ ಒಬ್ಬರ ಮೇಲೆ ಹೊರಿಸಿದ ಆರೋಪವೂ ಹೌದು. ಘಟನೆಯ ವರದಿ ಎಂದರೆ ಕಂಡದ್ದು, ಮಾಡಿದ್ದು, ಗಂಟೆ, ನಿಮಿಷ. ‘ದಿ ಡ್ಯೂಟಿ ಡಾಕ್ಟರ್ ವಾಸ್ ಕಾಲ್ಡ್ ಅಟ್ 2.10. ಹೀ ಅರೈವ್ಡ್ ಅಟ್ 2.45. ದಿ ಪೇಷಂಟ್ ವಾಸ್ ಶಿಫ್ಟೆಡ್ ಟು ದಿ ಐಸಿಯು ಅಟ್ 3.’ ಗಂಟೆಗಳನ್ನು ಉದಾಹರಣೆಗೆ ಹಾಕಿದ್ದೇನೆ. ಮೂರು ಚಿಕ್ಕ ವಾಕ್ಯ, ಮೂರೂ ಸಾದಾ ಭೂತಕಾಲ. ತಡವಾಯಿತೇ ಇಲ್ಲವೇ ಎಂದು ಓದಿದವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ನಿಮ್ಮ ಮೇಲೂ ಯಾರೂ ಬೆರಳು ತೋರಿಸಲು ಆಗುವುದಿಲ್ಲ. ವ್ಯಾಕರಣದ ಭಯಕ್ಕೆ ಈ ದಾರಿ ಹಿಡಿಯುವುದಲ್ಲ. ವರದಿ ಹೀಗಿದ್ದರೇನೇ ಗಟ್ಟಿ.

ಹ್ಯಾಂಡ್‌ಓವರ್‌ನಲ್ಲೂ ಇದೇ ಸಲಹೆ, ಇನ್ನೊಂದು ಕಾರಣಕ್ಕೆ. ‘ಇಫ್ ಹೀ ಹ್ಯಾಡ್ ಟೇಕನ್ ಇಟ್’ ಎಂದರೆ ತಗೊಳ್ಳಲಿಲ್ಲ. ‘ಇಫ್ ಹೀ ಹ್ಯಾಡ್ ನಾಟ್ ಟೇಕನ್ ಇಟ್’ ಎಂದರೆ ತಗೊಂಡ. ಬಾಯಲ್ಲಿ ಹೌದು, ಅರ್ಥದಲ್ಲಿ ಇಲ್ಲ. ಬೆಳಗಿನ ಜಾವ ನಿದ್ದೆಗಣ್ಣಲ್ಲಿ ನಿಂತವರಿಗೆ ಹೀಗೆ ಹೇಳಿದರೆ ಅರ್ಧ ಕೇಳಿ ಉಲ್ಟಾ ತಿಳಿದುಕೊಳ್ಳಬಹುದು. ‘ಹೀ ಡಿಡ್ ನಾಟ್ ಟೇಕ್ ಇಟ್’ ಎಂದು ನೇರವಾಗಿ ಹೇಳಿಬಿಡಿ.

ಮಾತಿನಲ್ಲಿ ಮಾತ್ರ ಪೂರ್ತಿ ಬಿಡಲು ಆಗುವುದಿಲ್ಲ. ಮನುಷ್ಯರು ಪಶ್ಚಾತ್ತಾಪ, ಸಮಾಧಾನ, ಕೃತಜ್ಞತೆ ಹೇಳಿಕೊಳ್ಳುವುದೇ ಈ ರೂಪದಲ್ಲಿ. ಅಲ್ಲಿ ನಮಗೆ ತುಂಬಾ ಹೊಂದುವ ಒಂದು ದಾರಿ ‘ಅದರ್‌ವೈಸ್’. ಕನ್ನಡದಲ್ಲಿ ‘ಸದ್ಯ ಆಕ್ಸಿಜನ್ ಇತ್ತು, ಇಲ್ಲದಿದ್ರೆ ಕಷ್ಟ ಆಗ್ತಿತ್ತು’ ಎನ್ನುತ್ತೇವಲ್ಲ, ಅದೇ ಜಾಡು. ‘ಲಕಿಲಿ ವಿ ಹ್ಯಾಡ್ ಆಕ್ಸಿಜನ್ ರೆಡಿ. ಅದರ್‌ವೈಸ್ ಹೀ ಮೈಟ್ ಹ್ಯಾವ್ ಡೈಡ್.’ ಮೊದಲ ವಾಕ್ಯದಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೀರಿ. ‘ಹ್ಯಾಡ್ ಗಿವನ್’ ತರದ ಕಟ್ಟು ಬೇಕೇ ಇಲ್ಲ. ನಡೆಯದೇ ಹೋದದ್ದು ಎರಡನೆಯದರಲ್ಲಿ ಮಾತ್ರ. ಕನ್ನಡದ ಮನಸ್ಸು ಕೆಲಸ ಮಾಡುವ ರೀತಿಗೆ ಇದು ಒಪ್ಪುತ್ತದೆ. ಕಲಿಯುವವರಿಗೆ ನಾನು ಮೊದಲು ಕೊಡುವ ವಾಕ್ಯವೇ ಇದು. ‘ಬಟ್ ಫಾರ್ ಯುವರ್ ಹೆಲ್ಪ್, ಐ ವುಡ್ ಹ್ಯಾವ್ ಫೇಲ್ಡ್’, ಅಂದರೆ ‘ನಿಮ್ಮ ಸಹಾಯ ಇಲ್ಲದಿದ್ದರೆ ಫೇಲ್ ಆಗುತ್ತಿದ್ದೆ’ ಎನ್ನುವುದೂ ಸುಲಭ, ಕ್ರಿಯಾಪದ ಒಂದೇ. ಸ್ವಲ್ಪ ಗಂಭೀರ ಧಾಟಿ, ಪತ್ರಕ್ಕೆ ಚೆನ್ನ. ಆದರೆ ‘ಇಲ್ಲದಿದ್ದರೆ’ ಎನ್ನಲು ಇಲ್ಲಿ ‘ಅನ್‌ಲೆಸ್’ ಹಾಕಬೇಡಿ. ‘ಅನ್‌ಲೆಸ್ ಯೂ ಹ್ಯಾಡ್ ಹೆಲ್ಪ್ಡ್’ ಎನ್ನುವ ಬದಲು ‘ಇಫ್ ಯೂ ಹ್ಯಾಡ್ ನಾಟ್ ಹೆಲ್ಪ್ಡ್’ ಎನ್ನಿ.

‘ಹ್ಯಾಡ್ ಐ ನೋನ್’ ಎಂದು ‘ಇಫ್’ ಬಿಟ್ಟು ಶುರು ಮಾಡುವುದನ್ನು ಕೆಲವು ತರಬೇತಿಗಳಲ್ಲಿ ಅಂಕ ತರುವ ಮಂತ್ರದ ಹಾಗೆ ಕಲಿಸುತ್ತಾರೆ. ಸರಿಯಾದ ಇಂಗ್ಲಿಷೇ. ಬರವಣಿಗೆಯಲ್ಲಿ ಒಮ್ಮೆ ಬಂದರೆ ಚೆನ್ನಾಗಿರುತ್ತದೆ. ಪೇಷಂಟ್ ಹತ್ತಿರ ಮಾತಾಡುವಾಗ ಹಾಗಂದರೆ ಭಾಷಣದ ಹಾಗೆ ಕೇಳುತ್ತದೆ.

‘ಶುಡ್ ಹ್ಯಾವ್’ ಬಗ್ಗೆ ಎಚ್ಚರಿಕೆ. ‘ಯೂ ಶುಡ್ ಹ್ಯಾವ್ ಕಮ್ ಅರ್ಲಿಯರ್’ ಎಂದರೆ ಬೈದ ಹಾಗೆ. ‘ಯೂ ಕುಡ್ ಹ್ಯಾವ್ ಟೋಲ್ಡ್ ಮಿ’ ಎಂದರೂ ದೂರಿನ ಧ್ವನಿ ಇದೆ, ‘ನನಗೊಂದು ಮಾತು ಹೇಳಬಹುದಿತ್ತಲ್ಲ’ ಎಂದ ಹಾಗೆ. ತಡವಾಗಿ ಬಂದ ಪೇಷಂಟಿಗೆ ಅದರ ಬದಲು ‘ನೆಕ್ಸ್ಟ್ ಟೈಮ್, ಪ್ಲೀಸ್ ಕಮ್ ಆಸ್ ಸೂನ್ ಆಸ್ ದಿ ಪೇನ್ ಸ್ಟಾರ್ಟ್ಸ್’ ಎನ್ನಿ. ಓಇಟಿಯ ಮಾತಿನ ಪರೀಕ್ಷೆಯಲ್ಲಿ ಎರಡು ರೋಲ್ ಪ್ಲೇ ಇರುತ್ತವೆ. ನೀವು ನರ್ಸ್, ಎದುರಿಗಿರುವವರು ಪೇಷಂಟ್ ಅಥವಾ ಮನೆಯವರು. ವ್ಯಾಕರಣದ ಜೊತೆ ಪೇಷಂಟ್ ಹತ್ತಿರ ಹೇಗೆ ನಡೆದುಕೊಂಡಿರಿ ಎನ್ನುವುದಕ್ಕೂ ಅಲ್ಲಿ ಅಂಕ ಇದೆ. ಬೈದಂತೆ ಕೇಳುವ ‘ಶುಡ್ ಹ್ಯಾವ್’ ವ್ಯಾಕರಣ ಸರಿಯಿದ್ದೂ ನಿಮಗೆ ನಷ್ಟ ತರಬಹುದು.

ಪರೀಕ್ಷೆಯ ಅಂಕದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಓಇಟಿಯ ಬರವಣಿಗೆ ಎಂದರೆ 45 ನಿಮಿಷದಲ್ಲಿ ಒಂದು ಪತ್ರ, ಸುಮಾರು 180ರಿಂದ 200 ಪದ. ಕೇಸ್ ನೋಟ್ಸ್ ನೋಡಿ ಪೇಷಂಟನ್ನು ಇನ್ನೊಬ್ಬರಿಗೆ ಒಪ್ಪಿಸುವ ಪತ್ರ. ಅದರಲ್ಲಿ ‘ಹಾಗಾಗಿದ್ದರೆ ಹೀಗಾಗುತ್ತಿತ್ತು’ ಎನ್ನುವ ವಾಕ್ಯಕ್ಕೆ ಜಾಗವೇ ಇಲ್ಲದಷ್ಟು ಕಡಿಮೆ. ಬಲವಂತವಾಗಿ ತುರುಕಬೇಡಿ. ಅಲ್ಲಿ ಭಾಷೆ ಆರು ಅಳತೆಗಳಲ್ಲಿ ಒಂದು ಮಾತ್ರ. ಉದ್ದೇಶ ಸ್ಪಷ್ಟವಾಗಿದೆಯೇ, ಬೇಕಾದ ವಿಷಯ ಬಂದಿದೆಯೇ, ಅಡಕವಾಗಿದೆಯೇ ಎಂಬುದನ್ನೂ ನೋಡುತ್ತಾರೆ. ಐಇಎಲ್‌ಟಿಎಸ್ ಎಂಬ ಸಾಮಾನ್ಯ ಇಂಗ್ಲಿಷ್ ಪರೀಕ್ಷೆ ಬರೆಯುವವರ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಮಾತಿನಲ್ಲೂ ಬರವಣಿಗೆಯಲ್ಲೂ ನಾಲ್ಕು ಸಮಪಾಲು ಅಳತೆಗಳಲ್ಲಿ ಒಂದು ವ್ಯಾಕರಣದ ಹರವು ಮತ್ತು ನಿಖರತೆ. ಈ ರೂಪ ಸಹಜವಾಗಿ, ಸರಿಯಾಗಿ ಬಂದರೆ ಲಾಭ. ತಪ್ಪಾಗಿ ಬಂದರೆ ಆ ಒಂದು ತಪ್ಪಿಗೇ ಯಾರೂ ಫೇಲ್ ಆಗುವುದಿಲ್ಲ.

ಅಭ್ಯಾಸಕ್ಕೆ ವರ್ಕ್‌ಬುಕ್ಕಿನ ಖಾಲಿ ಜಾಗ ತುಂಬುವುದು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಡ್ಯೂಟಿ ಮುಗಿದ ಮೇಲೆ ಆ ದಿನ ತಪ್ಪಿಹೋದ ಒಂದು ಸಂಗತಿ ನೆನಪು ಮಾಡಿಕೊಳ್ಳಿ. ಅದನ್ನು ಮೊದಲು ‘ಅದರ್‌ವೈಸ್’ ಹಾಕಿ ಹೇಳಿ, ಆಮೇಲೆ ‘ಇಫ್’ ಹಾಕಿ ಹೇಳಿ. ಗಟ್ಟಿಯಾಗಿ ಬಾಯಿಬಿಟ್ಟು ಹೇಳಿ, ಮನಸ್ಸಲ್ಲಿ ಅಲ್ಲ. ಪೇಷಂಟ್ ಕೈಗೆ ಕಟ್ಟಿದ ಹೆಸರಿನ ಪಟ್ಟಿ, ಅಂದರೆ ಬ್ಯಾಂಡ್, ನೋಡಿದ್ದರಿಂದ ತಪ್ಪೊಂದು ತಪ್ಪಿತು ಎಂದುಕೊಳ್ಳಿ. ‘ಐ ಚೆಕ್ಡ್ ದಿ ಬ್ಯಾಂಡ್. ಅದರ್‌ವೈಸ್ ಐ ವುಡ್ ಹ್ಯಾವ್ ಗಿವನ್ ಇಟ್ ಟು ದಿ ರಾಂಗ್ ಪೇಷಂಟ್.’ ‘ಇಫ್ ಐ ಹ್ಯಾಡ್ ನಾಟ್ ಚೆಕ್ಡ್ ದಿ ಬ್ಯಾಂಡ್, ಐ ವುಡ್ ಹ್ಯಾವ್ ಗಿವನ್ ಇಟ್ ಟು ದಿ ರಾಂಗ್ ಪೇಷಂಟ್.’ ಎರಡನೆಯ ಅರ್ಧ ಬದಲಾಗಲೇ ಇಲ್ಲ ನೋಡಿ. ನೀವು ಹೊಸದಾಗಿ ಕಟ್ಟಬೇಕಾದದ್ದು ಮೊದಲ ಅರ್ಧ ಮಾತ್ರ.

ಇದರ ಜೊತೆಗೆ ವಾರ್ಡಿನಲ್ಲಿ ದಿನಾ ಬರುವ ಕ್ರಿಯಾಪದಗಳ ಮೂರನೆಯ ರೂಪ ಬಾಯಿಗೆ ಹತ್ತಬೇಕು: ಗಿವನ್, ಟೇಕನ್, ಸೀನ್, ಡನ್, ರಿಟನ್, ಫಾಲನ್, ಈಟನ್, ಬ್ರಾಟ್, ಕಮ್, ಗಾನ್. ‘ಹ್ಯಾಡ್ ಕೇಮ್’, ‘ಹ್ಯಾಡ್ ವೆಂಟ್’, ‘ಹ್ಯಾಡ್ ರೋಟ್’ ಎಂಬ ತಪ್ಪುಗಳು ಬರುವುದು ‘ಇಫ್’ ನಿಯಮ ಗೊತ್ತಿಲ್ಲದೆ ಅಲ್ಲ, ಈ ಹತ್ತು ಪದ ನಾಲಿಗೆ ಮೇಲೆ ಇಲ್ಲದೆ. ಮೊದಲು ಇವುಗಳಿಂದಲೇ ಶುರು ಮಾಡಿ.